ಕಿಡಿಗಣ್ಣನ ಉಸಿರು

ಧೈರ್ಯವಂತರ ಬಗ್ಗೆ ಬೇಕಾದಷ್ಟು ಬರೆದಾಗಿದೆ. ಅಂಜುಬುರುಕರ ಬಗ್ಗೆ ಬರೆಯುವವರೇ ಇಲ್ಲ. ನಿಜ ಹೇಳಬೇಕೆಂದರೆ ಈ ಪ್ರಪಂಚ ಇಷ್ಟಾದರೂ ಸುಸೂತ್ರವಾಗಿ ನಡೆಯುತ್ತಿರುವುದು ಅವರಿಂದಲೇ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸು ಬರುವವರು ಅವರು. ಬೀಗ ಹಾಕಿದ ಮೇಲೆ ಅದನ್ನು ಹಿಡಿದು ಜಗ್ಗಿ, ನಾಲ್ಕು ಹೆಜ್ಜೆ ಹೋಗಿ, ಮತ್ತೆ ಬಂದು ಜಗ್ಗುವವರು ಅವರು. ಬೆಂಕಿ ಬೀಳುವುದು, ಕಳ್ಳ ಬರುವುದು ಎಲ್ಲ ಧೈರ್ಯವಂತರ ಮನೆಗೇ. ಈ ಮಾತನ್ನು ನಾನು ಜೋಪಾನಯ್ಯನ ಪರವಾಗಿ ಹೇಳುತ್ತಿದ್ದೇನೆ, ಏಕೆಂದರೆ ತನ್ನ ಪರವಾಗಿ ತಾನೇ ಹೇಳಿಕೊಳ್ಳುವ ಧೈರ್ಯ ಅವನಿಗಿಲ್ಲ.

ಜೋಪಾನಯ್ಯ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಅವನಿದ್ದ ಕಟ್ಟಡದವರು ಇಟ್ಟದ್ದು. ಯಾರು ಎಲ್ಲಿಗೆ ಹೊರಟರೂ ಅವನು "ಜೋಪಾನ" ಎನ್ನುತ್ತಿದ್ದ. ಹಾಲು ಹಾಕುವವನಿಗೂ ಜೋಪಾನ, ಪೇಪರಿನವನಿಗೂ ಜೋಪಾನ. ಎದುರುಮನೆಯ ಮುದುಕರು ತೀರಿಕೊಂಡಾಗ, ಅವರನ್ನು ಹೊತ್ತು ಮೆಟ್ಟಿಲಿಳಿಯುತ್ತಿದ್ದವರ ಹಿಂದೆ ಓಡಿ, "ತಿರುವು ಜೋಪಾನ, ಅವರ ತಲೆಗೆ ಪೆಟ್ಟಾದೀತು" ಎಂದದ್ದು ಈಗಲೂ ಆ ಕಟ್ಟಡದವರ ಬಾಯಲ್ಲಿದೆ. ಸತ್ತವರ ತಲೆಯ ಬಗ್ಗೆಯೂ ಚಿಂತಿಸುವವನನ್ನು ನೋಡಿ ನಗುವ ಜನ ಇವರು.

ಅವನ ಉದ್ಯೋಗವೂ ಸ್ವಭಾವಕ್ಕೆ ಹೇಳಿ ಮಾಡಿಸಿದ್ದು. ಕಚೇರಿಗಳ ಗೋಡೆಗೆ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ತೂಗುಹಾಕಿರುತ್ತಾರಲ್ಲ, ಅದರ ಮುಳ್ಳು ಹಸಿರು ಗೆರೆಯಲ್ಲಿ ಇದೆಯೇ ಎಂದು ನೋಡಿ, ತಪಾಸಣೆ ಆಯಿತೆಂದು ಚೀಟಿ ಅಂಟಿಸಿ ಬರುವುದು. ಬೆಂಕಿಯನ್ನು ಅವನು ಕಂಡದ್ದು ಒಲೆಯಲ್ಲಿ ಮಾತ್ರ. ಅಲ್ಲೂ ದೂರದಿಂದ.

ಅವನಿಗೆ ಲಿಫ್ಟ್ ಎಂದರೆ ಭಯ, ಬಲೂನು ಎಂದರೆ ಭಯ, ಗುರುತಿಲ್ಲದ ನಂಬರಿನಿಂದ ಫೋನ್ ಬಂದರೆ ಭಯ. ಆದರೆ ಇವೆಲ್ಲ ಚಿಲ್ಲರೆ ಭಯಗಳು. ಇಡಿಯಾಗಿ ಒಂದು ಭಯವಿತ್ತು. ಅದು ಅವನ ಮಾವ.

ಮಾವ ನಿವೃತ್ತ ಜೈಲರ್. ನಿವೃತ್ತಿಯ ದಿನ ಸರಕಾರದ ಬೀಗದ ಕೈಗಳನ್ನು ಒಪ್ಪಿಸಿ ಬಂದವರು, ಸೊಂಟ ಹಗುರವಾಯಿತೆಂದು ಮನೆಯ ಎಲ್ಲ ಬೀರುಗಳಿಗೂ ಹೊಸ ಬೀಗ ಹಾಕಿಸಿ, ಆ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ಅವರ ಮನೆಯಲ್ಲಿ ಸಕ್ಕರೆ ಡಬ್ಬಿಗೂ ಬೀಗವಿತ್ತು. ಕೈಯಲ್ಲಿ ತುದಿಗೆ ಕಬ್ಬಿಣ ಹೊಡೆದ ಊರುಗೋಲು. ಅವರು ಬರುವುದು ಮೊದಲು ಕಿವಿಗೆ ಗೊತ್ತಾಗುತ್ತಿತ್ತು: ಮೆಟ್ಟಿಲ ಮೇಲೆ ಟಕ್, ಸೊಂಟದಲ್ಲಿ ಝಣ್, ಬಾಗಿಲ ಹೊರಗೆ ನಿಂತು ಗಂಟಲು ಸರಿಮಾಡಿಕೊಂಡು ಹ್ಞೂಂ. ಆ ಟಕ್ ಕೇಳಿದ ಕೂಡಲೇ ಜೋಪಾನಯ್ಯನ ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗಾಗುತ್ತಿತ್ತು. ಅಂಗಿಯ ಗುಂಡಿ ಹುಡುಕುವ ನೆಪದಲ್ಲಿ ಮಲಗುವ ಕೋಣೆಗೆ ಹೋಗಿ ಬಾಗಿಲ ಹಿಂದೆ ನಿಂತುಬಿಡುತ್ತಿದ್ದ. ಮಾವ ಗದರಿಸುವವರೇನಲ್ಲ. "ಅಳಿಯಂದ್ರು ಕಾಣಿಸ್ತಿಲ್ಲ" ಎಂದು ಮೆತ್ತಗೆ ಕೇಳುತ್ತಿದ್ದರು. ಗದರಿಸಿದವರನ್ನು ಸಹಿಸಿಕೊಳ್ಳಬಹುದು, ಮೆತ್ತಗೆ ಕೇಳುವವರ ಮುಂದೆ ಯಾರಿಗಾದರೂ ಜಂಘಾಬಲ ಉಡುಗುತ್ತದೆ.

ಆ ಮಾವ ಒಂದು ತೀರ್ಮಾನ ಮಾಡಿದ್ದರು. ಮಗಳು ಅಳಿಯ ಬಾಡಿಗೆ ಮನೆ ಬಿಟ್ಟು ತಮ್ಮ ಮನೆಯ ಮೇಲ್ಮಹಡಿಗೆ ಬಂದಿರಬೇಕು. "ಇಂಥ ಗಂಡಸಿನ ಕೈಲಿ ನನ್ನ ಮಗಳನ್ನ ಬಿಟ್ಟು ನನಗೆ ನಿದ್ದೆ ಬರಲ್ಲ" ಎಂಬುದು ಅವರ ಕಾರಣ. ಮೇಲ್ಮಹಡಿಗೆ ಸುಣ್ಣ ಬಣ್ಣ ನಡೆಯುತ್ತಿತ್ತು. ಕಿಟಕಿಗಳಿಗೆ ಹೊಸ ಸರಳುಗಳೂ ಕೂತಿದ್ದವು.

"ರೀ, ನಾನು ಆ ಮನೇಲಿ ಬೆಳೆದೋಳು," ಎಂದಳು ಹೆಂಡತಿ. "ಅಪ್ಪ ಊಟಕ್ಕೆ ಮುಂಚೆ ತಲೆ ಎಣಿಸೋರು. ಇದ್ದಿದ್ದೇ ಅಮ್ಮ, ನಾನು. ಆದ್ರೂ ಎಣಿಸೋರು. ನಾನು ಮತ್ತೆ ಅಲ್ಲಿಗೆ ಹೋಗಲ್ಲ. 'ನಾವು ಬರಲ್ಲ ಮಾವ' ಅಂತ ಹೇಳ್ಬಿಡಿ. ಅಷ್ಟೇ ಮಾತು."

"ನೀನೇ ಹೇಳಬಹುದಲ್ಲ ಕಣೆ."

"ನಾನು ಎಷ್ಟು ಸಲ ಹೇಳ್ಲಿ? 'ನೀನಿನ್ನೂ ಮಗು, ಸುಮ್ನಿರು' ಅಂತಾರೆ. ನೀವು ಹೇಳಿದ್ರೆ ನಿಲ್ಲುತ್ತೆ."

ಜೋಪಾನಯ್ಯ ಆ ಮಾತನ್ನು ಬಚ್ಚಲುಮನೆಯಲ್ಲಿ ಅಭ್ಯಾಸ ಮಾಡಿದ. ನಲ್ಲಿ ಜೋರಾಗಿ ಬಿಟ್ಟುಕೊಂಡರೆ ಸೊಗಸಾಗಿ ಬರುತ್ತಿತ್ತು. ನಲ್ಲಿ ನಿಲ್ಲಿಸಿದರೆ ಮಾತೂ ನಿಲ್ಲುತ್ತಿತ್ತು.

ಹೀಗಿರುವಾಗ ಒಂದು ದಿನ ಅವನು ಸಿಲಿಂಡರ್ ತಪಾಸಣೆಗೆಂದು ಒಂದು ಧ್ವನಿಮುದ್ರಣ ಸ್ಟುಡಿಯೋಗೆ ಹೋದ. ಅಲ್ಲಿ ಬೇರೆಯದೇ ಸಂಕಟ ನಡೆದಿತ್ತು. ಅವರು ಕಿಡಿಗಣ್ಣ ಎಂಬ ಮಹಾವೀರನ ಕಾಮಿಕ್ಸನ್ನು ಧ್ವನಿನಾಟಕ ಮಾಡಲು ಹೊರಟಿದ್ದರು. ಕಾಮಿಕ್ಸಿನಲ್ಲಿ ಎಲ್ಲರ ತಲೆಯ ಮೇಲೂ ಮಾತಿನ ಗುಳ್ಳೆ ಇರುತ್ತದೆ, ಕಿಡಿಗಣ್ಣನ ತಲೆಯ ಮೇಲೆ ಮಾತ್ರ ಇಲ್ಲ. ಅವನು ಬಾಯಿ ಬಿಡುವುದೇ ಇಲ್ಲ. ಬಂದು ನಿಲ್ಲುತ್ತಾನೆ, ನೋಡುತ್ತಾನೆ, ಕಣ್ಣಿನಿಂದ ಕಿಡಿ ಹಾರುತ್ತದೆ, ದುಷ್ಟರು ಬೂದಿಯಾಗುತ್ತಾರೆ. ಪುಸ್ತಕದಲ್ಲಿ ಇದು ಬಹಳ ಚೆನ್ನ. ಆದರೆ ಕಿವಿಯಲ್ಲಿ ಕೇಳುವ ನಾಟಕದಲ್ಲಿ, ಸುಮ್ಮನೆ ಬಂದು ಸುಮ್ಮನೆ ನೋಡಿ ಹೋಗುವವನು ಬಂದದ್ದು ಯಾರಿಗೆ ಗೊತ್ತಾಗಬೇಕು?

ನಿರ್ದೇಶಕ ಎಲ್ಲ ಪ್ರಯತ್ನವನ್ನೂ ಮಾಡಿ ಸೋತಿದ್ದ. ಸದ್ದುಗಳನ್ನು ಮಾಡಿಕೊಡಲು ಅಲ್ಲಿ ಒಬ್ಬ ಹೆಂಗಸಿದ್ದಳು, ಸದ್ದಿನಕ್ಕ ಎಂದೇ ಕರೆಯುತ್ತಿದ್ದರು. ಎಲೆಕೋಸಿನ ದಂಟು ಮುರಿದು ಮೂಳೆ ಮುರಿಯುವವಳು, ತಗಡು ಅಲ್ಲಾಡಿಸಿ ಸಿಡಿಲು ತರುವವಳು. ಅವಳು ಕಿಡಿಗಣ್ಣನ ಮೇಲಂಗಿ ಹಾರಾಡುವ ಸದ್ದಿಗೆ ದುಪ್ಪಟಿ ಝಾಡಿಸಿದಳು. ಕೇಳಿದವರು ಯಾರೋ ಬಟ್ಟೆ ಒಣಹಾಕುತ್ತಿದ್ದಾರೆ ಎಂದರು. ಪಾತ್ರಗಳ ಬಾಯಲ್ಲಿ "ಅಗೋ, ಕಿಡಿಗಣ್ಣ ಬಂದ" ಎಂದು ಹೇಳಿಸಿದರು. ಅದು ಬಸ್ ನಿಲ್ದಾಣದಲ್ಲಿ ಬಸ್ಸು ಬಂತೆಂದು ಕೂಗಿದ ಹಾಗಿತ್ತು. ನಿರ್ದೇಶಕ ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ, ಜೋಪಾನಯ್ಯ ಗಾಜಿನಾಚೆಯ ಮುದ್ರಣ ಕೋಣೆಯೊಳಗೆ ಸಿಲಿಂಡರ್ ನೋಡಲು ಹೋದ. ಅವನ ಹಿಂದೆ ದಪ್ಪ ಬಾಗಿಲು ತಾನಾಗಿ ಮುಚ್ಚಿಕೊಂಡಿತು. ದೀಪ ಆರಿತು.

ಶಬ್ದ ಹೊರಗೆ ಹೋಗದ ಹಾಗೆ ಮೆತ್ತೆ ಹೊಡೆದ ಕೋಣೆ ಅದು. ಬೇರೆ ಯಾರಾದರೂ ಆಗಿದ್ದರೆ ಕೂಗುತ್ತಿದ್ದರು. ಜೋಪಾನಯ್ಯನಿಗೆ ಹೆದರಿಕೆಯಾದರೆ ಮೊದಲು ಹೋಗುವುದೇ ಗಂಟಲು. ಉಳಿಯುವುದು ಉಸಿರು ಮಾತ್ರ. ಮೈಕು ಚಾಲೂ ಇತ್ತು.

ಸ್ಪೀಕರಿನಲ್ಲಿ ಮೊದಲು ಒಂದು ಸಣ್ಣ ಶಿಳ್ಳೆ ಕೇಳಿಸಿತು. ಆಮೇಲೆ ಆಳದ ಬಾವಿಯಿಂದ ತುಂಬಿದ ಕೊಡ ಸೇದುವ ಹಾಗೆ ಒಂದು ದೀರ್ಘ ಎಳೆತ. ಆಮೇಲೆ ನಿಂತಿತು. ಇನ್ನೇನು ಬರುವುದೇ ಇಲ್ಲ ಎನ್ನುವಾಗ ತುಂಡು ತುಂಡಾಗಿ, ನಡುಗುತ್ತ, ಹೊರಗೆ ಬಂತು. ನಿರ್ದೇಶಕನ ತೋಳಿನ ಕೂದಲು ನಿಮಿರಿತು. ಸದ್ದಿನಕ್ಕ ಬಾಗಿಲು ತೆಗೆಯಲು ಎದ್ದಳು.

"ತೆಗೀಬೇಡ," ಎಂದ ನಿರ್ದೇಶಕ. "ಇನ್ನೂ ಸ್ವಲ್ಪ ಹೊತ್ತು ಇರಲಿ."

ಕೊನೆಗೆ ಬಾಗಿಲು ತೆಗೆದಾಗ ಜೋಪಾನಯ್ಯ ಸಿಲಿಂಡರನ್ನು ಮಗುವಿನ ಹಾಗೆ ಅಪ್ಪಿಕೊಂಡು ಮೂಲೆಯಲ್ಲಿ ಕೂತಿದ್ದ. ನಿರ್ದೇಶಕ ಅವನ ಎರಡೂ ಕೈ ಹಿಡಿದುಕೊಂಡ. "ನೀವೇ ನಮ್ಮ ಕಿಡಿಗಣ್ಣ."

"ಸಾರ್, ನಾನು ಸಿಲಿಂಡರಿನವನು."

"ಇನ್ಮೇಲೆ ಹೀರೋ. ನೀವು ಉಸಿರಾಡಿದ್ರೆ ಸಾಕು. ಉಳಿದಿದ್ದು ನಾನು ನೋಡ್ಕೋತೀನಿ."

ಆಗುವುದಿಲ್ಲ ಎನ್ನಲು ಧೈರ್ಯ ಸಾಲದೆ ಜೋಪಾನಯ್ಯ ಮಹಾವೀರನಾದ. ಚರಿತ್ರೆಯಲ್ಲಿ ಹಲವರು ಹೀಗೇ ಆಗಿದ್ದಾರೆಂದು ನನ್ನ ಗುಮಾನಿ.

ಮನೆಗೆ ಬಂದವನು ಚಪ್ಪಲಿ ಬಿಡುತ್ತ, "ಒಂದು ಕೇಳೋ ನಾಟಕ ಮಾಡ್ತಾರಂತೆ. ಅದರಲ್ಲಿ ನಾನು ಹೀರೋ ಅಂತೆ" ಎಂದ. ಹೆಂಡತಿ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ಅವನನ್ನು ಮೇಲಿಂದ ಕೆಳಗೆ ನೋಡಿದಳು. ಅವಳ ಮುಖ ಅರಳಿದ್ದನ್ನು ಅವನು ಬಹಳ ದಿನಗಳ ಮೇಲೆ ಕಂಡ. "ಗುಡುಗೋ ಥರ ಮಾತಾಡ್ತೀರಾ?" ಎಂದಳು. ಇಲ್ಲ, ಮಾತೇ ಇಲ್ಲ ಎಂದು ಹೇಳಲು ಅವನು ಬಾಯಿ ತೆರೆದ. ಅಷ್ಟರಲ್ಲಿ ಫೋನ್ ಬಂತು. ಅವಳ ಅಪ್ಪ. "ಅಪ್ಪ, ನಿಮ್ಮ ಅಳಿಯ ನಾಟಕದಲ್ಲಿ ಹೀರೋ. ಅದೂ ಗುಡುಗೋ ಹೀರೋ" ಎಂದುಬಿಟ್ಟಳು.

ಜೋಪಾನಯ್ಯ ತೆರೆದ ಬಾಯಿಯನ್ನು ಮುಚ್ಚಿದ. ಅವನು ಸುಳ್ಳು ಹೇಳಿದನೆಂದು ಯಾರೂ ಹೇಳಕೂಡದು. ಸುಳ್ಳು ಹೇಳುವುದಕ್ಕೂ ಧೈರ್ಯ ಬೇಕು. ಅವನು ತಿದ್ದಲಿಲ್ಲ, ಅಷ್ಟೇ.

ಮಾರನೆಯ ಸಂಜೆ ಮೆಟ್ಟಿಲ ಮೇಲೆ ಟಕ್. ಝಣ್. ಹ್ಞೂಂ. ಈ ಸಲ ಗುಂಡಿ ಹುಡುಕಲು ಹೋಗದಂತೆ ಹೆಂಡತಿ ಅವನ ಅಂಗಿಯ ತುದಿ ಹಿಡಿದುಕೊಂಡಿದ್ದಳು. ಮಾವ ಕುರ್ಚಿಯಲ್ಲಿ ಕೂತು ಊರುಗೋಲನ್ನು ಕಾಲುಗಳ ನಡುವೆ ನಿಲ್ಲಿಸಿಕೊಂಡರು.

"ಅಳಿಯಂದ್ರು ಹೀರೋ ಅಂತೆ."

ಜೋಪಾನಯ್ಯನ ತಲೆ ಹೌದೆನ್ನುವ ಹಾಗೂ ಅಲ್ಲವೆನ್ನುವ ಹಾಗೂ ಅಲ್ಲಾಡಿತು.

"ಸಂತೋಷ. ನನಗೆ ಜಾಸ್ತಿ ಏನೂ ಬೇಡ. ನನ್ನ ಮಗಳನ್ನ ಕಾಯೋ ಗಂಡಸಿನ ಗಂಟಲು ಹೇಗಿದೆ ಅಂತ ಒಂದ್ಸಲ ಕೇಳಬೇಕು. ಮದುವೆ ಆದಾಗಿಂದ ಕೇಳಿಲ್ಲ. ನಾಟಕದ ದಿನ ನಾನೂ ಬರ್ತೀನಿ. ಗಂಟಲು ಕೇಳಿಸ್ತು ಅನ್ನಿ, ನೀವು ಈ ಮನೇಲೇ ಇರಿ, ಮತ್ತೆ ನಾನು ಆ ಮಾತೆತ್ತಲ್ಲ. ಕೇಳಿಸ್ಲಿಲ್ಲ ಅನ್ನಿ, ಅವತ್ತೇ ಸಾಮಾನು ಕಟ್ಟಿ. ಟೆಂಪೋ ನಾನೇ ತಂದಿರ್ತೀನಿ."

ಅವರು ಹೋದ ಮೇಲೆ ಹೆಂಡತಿ ಬಾಗಿಲಿಗೆ ಒರಗಿ ಕಣ್ಣು ಮುಚ್ಚಿಕೊಂಡು ನಕ್ಕಳು. "ನೋಡಿದ್ರಾ, ನೀವು ಹೇಳೋದೇ ಬೇಡ. ನಿಮ್ಮ ಹೀರೋನೇ ನಮ್ಮನ್ನ ಉಳಿಸ್ತಾನೆ." ಉಗುಳಲೂ ಆಗದ ನುಂಗಲೂ ಆಗದ ಬಿಸಿತುಪ್ಪ ಜೋಪಾನಯ್ಯನ ಬಾಯಲ್ಲಿತ್ತು.

ಇನ್ನು ಕಟ್ಟಡದವರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ. ಸುದ್ದಿ ಕೆಳಗಿನ ಮಹಡಿಯಲ್ಲಿ ಹೊರಟಾಗ ಜೋಪಾನಯ್ಯ ಹೀರೋ ಆಗಿದ್ದ. ಮೇಲಿನ ಮಹಡಿ ಮುಟ್ಟುವಷ್ಟರಲ್ಲಿ ಎತ್ತರದ ಕಟ್ಟಡಗಳಿಂದ ತಾನೇ ಹಾರುತ್ತಿದ್ದ. ಕೇಳುವ ನಾಟಕಕ್ಕೆ ಹಾರುವುದು ಯಾಕೆ ಎಂದು ಒಬ್ಬರೂ ಕೇಳಲಿಲ್ಲ. ನಿವಾಸಿಗಳ ಸಂಘದ ಕಾರ್ಯದರ್ಶಿಗಳಂತೂ ಇಂಥದೊಂದು ಅವಕಾಶಕ್ಕೆ ಕಾಯುತ್ತಿದ್ದರು. ಒಂದು ಮಧ್ಯಾಹ್ನ ಬಂದು ಬಾಗಿಲು ತಟ್ಟಿದರು.

"ಪಂಪ್ ಕೋಣೇಲಿ ಯಾರೋ ಇದ್ದಾರೆ. ಒಳಗಿಂದ ಅಗಳಿ ಹಾಕಿದ್ದಾರೆ. ಸದ್ದು ಬರ್ತಿದೆ. ಕಳ್ಳನೇ ಇರಬೇಕು. ಬನ್ನಿ."

"ಪೊಲೀಸ್‌ಗೆ ಫೋನ್ ಮಾಡಿದ್ರೆ ಹೇಗೆ?" ಎಂದ ಜೋಪಾನಯ್ಯ.

"ಮನೇಲೇ ಹೀರೋ ಇಟ್ಕೊಂಡು ಪೊಲೀಸ್ ಕರೆದ್ರೆ ಬೇರೆ ಕಟ್ಟಡದವರು ಏನಂದ್ಕೋತಾರೆ?"

ಅವನನ್ನು ಮುಂದೆ ಬಿಟ್ಟುಕೊಂಡು ಇಡೀ ಕಟ್ಟಡ ಕೆಳಗಿಳಿಯಿತು. ಪಂಪ್ ಕೋಣೆಯ ಹತ್ತಿರ ಬರುತ್ತಲೇ ಎಲ್ಲರೂ ತಾವಾಗಿಯೇ ಹಿಂದಾದರು. ಜೋಪಾನಯ್ಯ ಬಾಗಿಲ ಮುಂದೆ ಒಂಟಿಯಾಗಿ ನಿಂತ. ಒಳಗೆ ಏನೋ ಸರಿದಾಡಿದ ಸದ್ದು. ಓಡಬೇಕೆಂದರೆ ಹಿಂದೆ ಜನ, ನುಗ್ಗಬೇಕೆಂದರೆ ಮುಂದೆ ಕಳ್ಳ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಹಾಗೆ ನಿಂತಲ್ಲೇ ನಿಂತ. ಗಂಟಲು ಹೋಯಿತು. ಉಸಿರು ಬಂತು. ಶಿಳ್ಳೆ, ಎಳೆತ, ತಡೆ, ನಡುಕ. ಆ ಉಸಿರು ಬಾಗಿಲ ಸಂದಿನಿಂದ ಒಳಗೆ ಹೋಯಿತು.

ಒಳಗಿನ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಅಗಳಿ ಸರಿಯಿತು. ಎರಡೂ ಕೈ ಮೇಲೆತ್ತಿಕೊಂಡು, ಬೆರಳ ನಡುವೆ ಉರಿಯುವ ಸಿಗರೇಟು ಹಿಡಿದುಕೊಂಡು, ಮೂರನೇ ಮಹಡಿಯ ಹಲ್ಲಿನ ಡಾಕ್ಟರು ಹೊರಗೆ ಬಂದರು.

"ಇವತ್ತಿಗೆ ಬಿಟ್ಟೆ," ಎಂದರು ನಡುಗುತ್ತ. "ಮನೇಲಿ ಮಾತ್ರ ಹೇಳ್ಬೇಡಿ."

ಅವರ ಮನೆಯಾಕೆ ಗುಂಪಿನ ಮುಂದಿನ ಸಾಲಿನಲ್ಲೇ ಇದ್ದುದರಿಂದ ಆ ಮಾತು ವ್ಯರ್ಥವಾಯಿತು. ಆದರೆ ಡಾಕ್ಟರು ಆಮೇಲೆ ಸಿಕ್ಕಸಿಕ್ಕವರಿಗೆಲ್ಲ ಹೇಳಿದ್ದು ಇದನ್ನೇ: "ಒಂದು ಮಾತು ಆಡಲಿಲ್ಲ ಕಣ್ರೀ ಆ ಮನುಷ್ಯ. ಹೊರಗೆ ನಿಂತು ಸುಮ್ನೆ ಉಸಿರಾಡ್ದ. ನನ್ನ ಕುರ್ಚೀಲಿ ಕೂತೋರು ನನಗೆ ಯಾಕೆ ಹೆದರ್ತಾರೆ ಅಂತ ಅವತ್ತು ಗೊತ್ತಾಯ್ತು."

ಆ ದಿನದಿಂದ ಜೋಪಾನಯ್ಯ ಮೆಟ್ಟಿಲಿಳಿದರೆ ಜನ ಗೋಡೆಗೆ ಸರಿದು ದಾರಿ ಬಿಡತೊಡಗಿದರು. ಅದು ಅವನಿಗೆ ಕೊಂಚ ಹಿತವಾಯಿತು ಎಂಬುದನ್ನು ಮುಚ್ಚಿಡಲಾರೆ. ಒಂದು ಬೆಳಗ್ಗೆ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸು ಬರದೆ ನೇರವಾಗಿ ಕೆಲಸಕ್ಕೆ ಹೋಗಿಬಿಟ್ಟ. ಇಂಥ ಸಣ್ಣ ಅಹಂಕಾರಗಳಿಂದಲೇ ಮನುಷ್ಯ ಕೆಡುವುದು.

ಮೊದಲ ಕಂತು ಪೂರ್ತಿಯಾಗಿ ಧ್ವನಿಮುದ್ರಣವಾಗುವ ದಿನ ಬಂತು. ಜೋಪಾನಯ್ಯ ನಿರ್ದೇಶಕನ ಮುಂದೆ ಕೈಕಟ್ಟಿಕೊಂಡು ನಿಂತ.

"ಸಾರ್, ಕಿಡಿಗಣ್ಣನಿಗೆ ಒಂದೇ ಒಂದು ಮಾತು ಕೊಡಿ. ಚಿಕ್ಕದು. 'ನಿಲ್ಲು' ಅಂದ್ರೂ ಸಾಕು."

"ಅಯ್ಯೋ ಮಾರಾಯ್ರೇ, ಅವನು ಬಾಯಿ ಬಿಟ್ರೆ ಆ ಕಾಮಿಕ್ಸ್ ಬರೆದ ಅಜ್ಜ ನನ್ನ ಬಾಯಿ ಮುಚ್ಚಿಸ್ತಾರೆ. ಪುಸ್ತಕದಲ್ಲಿ ಇರೋದನ್ನ ಕೂದಲೆಳೆಯಷ್ಟೂ ಬದಲಾಯಿಸಬಾರದು ಅಂತ ಒಪ್ಪಂದದಲ್ಲೇ ಬರೆಸ್ಕೊಂಡಿದ್ದಾರೆ."

"ಒಂದು ಕೆಮ್ಮಾದ್ರೂ?"

"ಕೆಮ್ಮಿದ್ರೆ ಹೀರೋಗೆ ನೆಗಡಿ ಅಂದ್ಕೋತಾರೆ. ಹೋಗಿ, ಉಸಿರಾಡಿ."

ಜೋಪಾನಯ್ಯ ಮೈಕಿನ ಮುಂದೆ ಹೋಗಿ ಉಸಿರಾಡಿದ. ನಿರ್ದೇಶಕ ಮುಖ ಕಿವುಚಿದ. ಮತ್ತೆ ಉಸಿರಾಡಿದ. ಇನ್ನೂ ಕಿವುಚಿದ. ಪಂಪ್ ಕೋಣೆಯ ಕೀರ್ತಿ ತಲೆಗೇರಿ ಉಸಿರು ಕೆಟ್ಟಿತ್ತು. ಹೊಟ್ಟೆ ತುಂಬ ಉಂಡು ಈಜಿಚೇರಿನಲ್ಲಿ ಕೂತವರ ಉಸಿರಾಗಿತ್ತು ಅದು.

ಸದ್ದಿನಕ್ಕ ಗಾಜಿನ ಕೋಣೆಯೊಳಗೆ ಬಂದು ಅವನ ಪಕ್ಕದಲ್ಲಿ ಕೂತಳು. "ಅಣ್ಣ, ನಿಮಗೆ ಎಲ್ಲಕ್ಕಿಂತ ಜಾಸ್ತಿ ಭಯ ಯಾವುದ್ರದ್ದು?"

"ನಮ್ಮ ಮಾವಂದು," ಎಂದ ಜೋಪಾನಯ್ಯ, ಯೋಚಿಸದೆ.

"ಅವರು ಹೇಗೆ ಬರ್ತಾರೆ?"

ಅವನು ಹೇಳಿದ. ಸದ್ದಿನಕ್ಕ ಕಣ್ಣು ಮುಚ್ಚಿ ಕೇಳಿಕೊಂಡಳು. ಅವಳು ಹೊರಗೆ ಹೋಗಿ ಪೊರಕೆ ಕೋಲಿನ ತುದಿಗೆ ಬಾಟಲಿಯ ಮುಚ್ಚಳ ಕೂರಿಸಿದಳು. ಕ್ಯಾಂಟೀನಿನಿಂದ ಚಮಚಗಳನ್ನು ತಂದು ದಾರಕ್ಕೆ ಪೋಣಿಸಿದಳು. ನಿರ್ದೇಶಕನ ಕೈಗೆ ಖಾಲಿ ಡಬ್ಬಿ ಕೊಟ್ಟು ಅದರೊಳಗೆ ಗಂಟಲು ಸರಿಮಾಡಿಕೊಳ್ಳಲು ಹೇಳಿದಳು. ಜೋಪಾನಯ್ಯ ಇದನ್ನೆಲ್ಲ ಗಾಜಿನ ಮೂಲಕ ಕಣ್ಣಾರೆ ನೋಡುತ್ತಿದ್ದ. ಪೊರಕೆ ಎಂದು ಗೊತ್ತಿತ್ತು, ಚಮಚ ಎಂದು ಗೊತ್ತಿತ್ತು.

ಟಕ್. ಝಣ್. ಹ್ಞೂಂ.

ಗೊತ್ತಿದ್ದು ಪ್ರಯೋಜನವಾಗಲಿಲ್ಲ. ಅವನು ಎದ್ದು ದಪ್ಪ ಪರದೆಯ ಹಿಂದೆ ಸೇರಿಕೊಂಡ. ಮೈಕನ್ನೂ ಜೊತೆಗೆ ಎಳೆದುಕೊಂಡು ಹೋಗಿದ್ದರಿಂದ ಉಸಿರು ಎಂದಿಗಿಂತ ಹತ್ತಿರದಿಂದ, ಕೇಳುವವರ ಕಿವಿಯೊಳಗೇ ನಿಂತ ಹಾಗೆ ಬಂತು. ನಿರ್ದೇಶಕ ಡಬ್ಬಿ ಹಿಡಿದುಕೊಂಡೇ ಕುಣಿದ.

"ಈ ಟಕ್ ಝಣ್ ತೆಗೀಬೇಡ," ಎಂದ ಸದ್ದಿನಕ್ಕನಿಗೆ. "ನಮ್ಮ ಬೀಗಾಸುರನಿಗೆ ಇದೇ ಇರಲಿ."

ಬೀಗಾಸುರ ಎಂದರೆ ಆ ಕಥೆಯ ದುಷ್ಟ. ನಿಮ್ಮ ಕ್ಷೇಮಕ್ಕಾಗಿಯೇ ಎನ್ನುತ್ತ ಊರಿನ ಜನರನ್ನೆಲ್ಲ ಮನೆಗಳೊಳಗೆ ಕೂಡಿ ಬೀಗ ಜಡಿಯುವವನು. ಅವನು ಬಂದನೆಂದು ತಿಳಿಸುವ ಸದ್ದು ಇನ್ನೂ ಸಿಕ್ಕಿರಲಿಲ್ಲ. ಈಗ ಒಂದೇ ಕಲ್ಲಿಗೆ ಎರಡು ಹಕ್ಕಿ ಬಿದ್ದವು. ಪರದೆಯ ಹಿಂದಿದ್ದ ಜೋಪಾನಯ್ಯನಿಗೆ ಈ ಮಾತು ಕೇಳಿಸಲಿಲ್ಲ.

ಭಾನುವಾರ ಬೆಳಗ್ಗೆ ನಾಟಕದ ಪ್ರಸಾರ. ಕಾರ್ಯದರ್ಶಿಗಳು ಕೆಳಗಿನ ಸಭಾಂಗಣದಲ್ಲಿ ಸಂಘದ ದೊಡ್ಡ ಸ್ಪೀಕರ್ ಇಟ್ಟು, ಪ್ಲಾಸ್ಟಿಕ್ ಕುರ್ಚಿಗಳನ್ನು ಹಾಕಿಸಿದ್ದರು. ಎಲ್ಲ ಮಹಡಿಯವರೂ ಬಂದಿದ್ದರು. ಮುಂದಿನ ಸಾಲಿನ ನಡುವೆ ಮಾವ. ಗೇಟಿನ ಹೊರಗೆ ಟೆಂಪೋ ನಿಂತಿತ್ತು. ಅದರೊಳಗೆ ಹಗ್ಗ, ಗೋಣಿತಾಟು, ರಟ್ಟಿನ ಪೆಟ್ಟಿಗೆಗಳು. ಮಾವ ಯಾವುದನ್ನೂ ಮರೆಯುವವರಲ್ಲ.

ಜೋಪಾನಯ್ಯ ಅವರ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಹಿಂದೆ ಕೂರುತ್ತೇನೆಂದರೆ ಯಾರೂ ಬಿಟ್ಟಿರಲಿಲ್ಲ. ಇತ್ತ ಬದಿಯಲ್ಲಿ ಹೆಂಡತಿ. ಬೆಳಗ್ಗೆಯಿಂದ ಅವಳಿಗೆ ನಿಜ ಹೇಳಿಬಿಡಬೇಕೆಂದು ಎಷ್ಟೋ ಸಲ ಅಡುಗೆಮನೆಗೆ ಹೋಗಿ, ಹೋದಾಗಲೆಲ್ಲ ಒಂದೊಂದು ಲೋಟ ನೀರು ಕುಡಿದು ಬಂದಿದ್ದ. ಈಗ ಹೊಟ್ಟೆಯ ತುಂಬ ನೀರು, ಎದೆಯ ತುಂಬ ಭಯ.

ನಾಟಕ ಶುರುವಾಯಿತು. ಊರಿನ ಜನ ಕೂಗಾಡಿದರು. ಬಾಗಿಲುಗಳು ಮುಚ್ಚಿಕೊಂಡವು. ಬೀಗಗಳು ಬಿದ್ದವು. "ಬಂದ, ಬಂದ, ಬೀಗಾಸುರ ಬಂದ" ಎಂದು ಒಂದು ಹೆಣ್ಣುದನಿ ಪಿಸುಗುಟ್ಟಿತು. ಆಮೇಲೆ ನಿಶ್ಶಬ್ದ. ಆಮೇಲೆ ಸಂಘದ ದೊಡ್ಡ ಸ್ಪೀಕರಿನಿಂದ, ನೆಲ ಅದುರುವ ಹಾಗೆ:

ಟಕ್. ಝಣ್. ಹ್ಞೂಂ.

ಸಭಾಂಗಣದ ತಲೆಗಳೆಲ್ಲ ಮೆಲ್ಲಗೆ, ಒಂದೊಂದಾಗಿ, ಮಾವನ ಕಡೆ ತಿರುಗಿದವು. ಮಾವ ತಮ್ಮ ಊರುಗೋಲನ್ನು ನೋಡಿದರು. ಅದು ನೆಲದಿಂದ ಎದ್ದಿರಲಿಲ್ಲ. ಅವರ ಕೈ ತಾನಾಗಿ ಸೊಂಟದ ಗೊಂಚಲನ್ನು ಮುಚ್ಚಿಕೊಂಡಿತು. ಜೋಪಾನಯ್ಯನಿಗೆ ಭೂಮಿ ಬಾಯಿಬಿಟ್ಟರೆ ಒಳಗೆ ಹೋಗೋಣ ಎನಿಸಿತು. ಆದರೆ ಭೂಮಿಯ ಒಳಗೂ ಏನಿದೆಯೋ ಎಂಬ ಭಯ.

ಆಗ ಉಸಿರು ಬಂತು.

ಶಿಳ್ಳೆ. ಎಳೆತ. ತಡೆ. ಯಾರೂ ಅಲುಗಾಡಲಿಲ್ಲ. ನಡುಕ. ಹಿಂದಿನ ಸಾಲಿನಲ್ಲಿದ್ದ ಹಲ್ಲಿನ ಡಾಕ್ಟರು ತಮಗೆ ತಿಳಿಯದೆ ಎರಡೂ ಕೈ ಮೇಲೆತ್ತಿದರು. "ಯಾರದು?" ಎಂದು ಕೇಳಿದ ಬೀಗಾಸುರನ ದನಿ ಒಡೆದಿತ್ತು. "ಯಾರಲ್ಲಿ? ಮಾತಾಡು. ಯಾಕೆ ಮಾತಾಡಲ್ಲ?" ಉತ್ತರವಾಗಿ ಮತ್ತೆ ಅದೇ ಉಸಿರು, ಇನ್ನೂ ಹತ್ತಿರ. ಬೀಗದ ಕೈಗಳು ನೆಲಕ್ಕೆ ಬಿದ್ದ ಸದ್ದು. ಅಲ್ಲಿಗೆ ಕಂತು ಮುಗಿಯಿತು.

ಕಾರ್ಯದರ್ಶಿಗಳೇ ಮೊದಲು ಎದ್ದು ಸ್ಪೀಕರಿನ ಹಿಂದೆ ಮುಂದೆ ನೋಡಿದರು. "ಚೆನ್ನಾಗಿತ್ತು. ಆದ್ರೆ ನಮ್ಮವರ ಮಾತೇ ಬರಲಿಲ್ಲವಲ್ಲ. ವೈರ್ ಏನಾದ್ರೂ ಲೂಸ್ ಆಯ್ತಾ?"

ಮಾವ ಎದುರಿನ ಗೋಡೆಯನ್ನೇ ನೋಡುತ್ತಿದ್ದರು. "ಅಳಿಯಂದ್ರೇ," ಎಂದರು ಮೆತ್ತಗೆ. "ಎಲ್ಲಿ ನಿಮ್ಮ ಗಂಟಲು?"

ಜೋಪಾನಯ್ಯನ ಗಂಟಲು ಎಲ್ಲಿ ಹೋಗಿತ್ತೋ ಅವನಿಗೂ ತಿಳಿಯದು. ಗೇಟಿನ ಹೊರಗೆ ಟೆಂಪೋದವನು ಅಸಹನೆಯಿಂದ ಒಂದು ಸಲ ಹಾರನ್ ಒತ್ತಿದ. ಜೋಪಾನಯ್ಯನಿಗೆ ಹೊಸ ಸರಳು ಹಾಕಿದ ಕಿಟಕಿಗಳು ಕಣ್ಣಮುಂದೆ ಬಂದವು. ಆ ಕಿಟಕಿಯ ಹಿಂದೆ ತನ್ನ ಹೆಂಡತಿ ಊಟಕ್ಕೆ ಮುಂಚೆ ಎಣಿಸಿಕೊಳ್ಳಲು ನಿಂತಿದ್ದಳು. ಅವನ ಕಣ್ಣು ತುಂಬಿತು. ಬಾಯಿ ತೆರೆದ. ಹೊರಗೆ ಬಂದದ್ದು ಶಿಳ್ಳೆ, ಎಳೆತ, ತಡೆ, ನಡುಕ.

ಹೆಂಡತಿ ತಟ್ಟನೆ ಅವನ ಕಡೆ ತಿರುಗಿದಳು. ಅವನನ್ನೂ ಸ್ಪೀಕರನ್ನೂ ನೋಡಿದಳು.

"ಅಪ್ಪ, ಆ ಉಸಿರು ಇವರದ್ದು."

"ಯಾವುದು?"

"ಈಗ ಕೇಳಿ ಎಲ್ಲರೂ ನಡುಗಿದ್ರಲ್ಲ, ಅದು. ನನಗೆ ಆಗಲೇ ಎಲ್ಲೋ ಕೇಳಿದ ಹಾಗಿದೆ ಅನ್ನಿಸ್ತು. ನೀವು ಮನೆಗೆ ಬಂದಾಗಲೆಲ್ಲ ಕೋಣೆ ಬಾಗಿಲ ಹಿಂದೆ ಇದೇ ಕೇಳಿಸೋದು." ಅವಳ ದನಿ ಸಣ್ಣದಾಯಿತು. "ಚಿಕ್ಕೋಳಿದ್ದಾಗ ನಾನೂ ಹೀಗೇ ಉಸಿರಾಡ್ತಿದ್ದೆ ಅಪ್ಪ. ನೀವು ಮನೆಗೆ ಬರೋ ಹೊತ್ತಿಗೆ. ಅಮ್ಮನೂ."

ಹಿಂದೆ ಕುರ್ಚಿಯೊಂದು ಕಿರುಗುಟ್ಟಿತು. ಕಾರ್ಯದರ್ಶಿಗಳು ಏನೋ ಹೇಳಹೋಗಿ, ಡಾಕ್ಟರ ಮನೆಯಾಕೆ ನೋಡಿದ ನೋಟಕ್ಕೆ ಸುಮ್ಮನಾದರು.

ಮಾವ ಬಹಳ ಹೊತ್ತು ಊರುಗೋಲಿನ ಹಿಡಿಯನ್ನು ಹೆಬ್ಬೆರಳಿನಿಂದ ಉಜ್ಜುತ್ತ ಕೂತರು. "ಜೈಲಲ್ಲಿ ನಾನು ಓಣಿ ಉದ್ದಕ್ಕೂ ನಡಕೊಂಡು ಹೋಗ್ತಿದ್ರೆ," ಎಂದರು ಯಾರಿಗೋ ಹೇಳುವ ಹಾಗೆ, "ಎರಡೂ ಕಡೆ ಬಾಗಿಲ ಹಿಂದೆ ಇದೇ ಕೇಳಿಸ್ತಿತ್ತು. ನಾನು ಅದನ್ನ ಮರ್ಯಾದೆ ಅಂದ್ಕೊಂಡಿದ್ದೆ."

ಆಗ ಜೋಪಾನಯ್ಯ, ನಲ್ಲಿಯ ಸದ್ದಿನ ಆಸರೆಯೂ ಇಲ್ಲದೆ, ತನ್ನ ಮೊಣಕಾಲುಗಳನ್ನು ನೋಡುತ್ತ, ಸೊಳ್ಳೆಯ ದನಿಯಲ್ಲಿ ಹೇಳಿದ. "ನಾವು ಬರಲ್ಲ ಮಾವ."

"ಏನಂದ್ರಿ?"

ಒಂದು ಸಲ ಹೇಳುವುದೇ ಕಷ್ಟ, ಎರಡನೆಯ ಸಲ ಹೇಳುವುದು ಪ್ರಾಣಸಂಕಟ. ಅವನ ಕೈಯನ್ನು ಹೆಂಡತಿ ಹಿಡಿದುಕೊಂಡಳು. "ನಾವು ಬರಲ್ಲ ಮಾವ," ಎಂದ. ದನಿ ನಡುವೆ ಸೀಳಿ, ಅರ್ಧ ಗಂಡಸಿನದಾಗಿ ಅರ್ಧ ಹುಂಜದ್ದಾಗಿ, ಸಭಾಂಗಣದ ಆ ತುದಿ ಮುಟ್ಟಿತು.

"ಮೊದಲನೇ ಸಲಾನೇ ಕೇಳಿಸ್ತು," ಎಂದರು ಮಾವ. "ಇನ್ನೊಂದ್ಸಲ ಹೇಳ್ತೀರೋ ಇಲ್ವೋ ಅಂತ ನೋಡ್ದೆ."

ಅವರು ಎದ್ದು ಹೋಗಿ ಟೆಂಪೋದವನ ಹತ್ತಿರ ಏನೋ ಮಾತಾಡಿದರು. ಟೆಂಪೋ ಖಾಲಿಯಾಗಿಯೇ ಹೊರಟುಹೋಯಿತು. ಜನ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸತೊಡಗಿದರು. ಮಾವ ಗೇಟಿನ ಹತ್ತಿರವೇ ನಿಂತಿದ್ದರು. ಮನೆಗೆ ಹೋಗುತ್ತಾರೆಂದು ಕಾದರೆ ಹೋಗಲಿಲ್ಲ. ಕೈ ಮಾಡಿ ಅಳಿಯನನ್ನು ಕರೆದರು. ಜೋಪಾನಯ್ಯ ಒಂದು ಮಾರು ದೂರದಲ್ಲಿ ನಿಂತ.

"ಆ ಬೀಗದೋನು," ಎಂದರು ಮಾವ. ಅವರು ಅಳಿಯನ ಮುಖ ನೋಡುತ್ತಿರಲಿಲ್ಲ. "ಮುಂದೆ ಏನಾಗ್ತಾನೆ?"

ಜೋಪಾನಯ್ಯ ಪುಸ್ತಕ ಓದಿದ್ದ. ಕಿಡಿಗಣ್ಣ ನೋಡುತ್ತಾನೆ, ಬೀಗಾಸುರ ಉರಿದು ಬೂದಿಯಾಗುತ್ತಾನೆ, ಊರಿನವರು ಬೂದಿಯ ಸುತ್ತ ಕುಣಿಯುತ್ತಾರೆ. ಬಹಳ ಚೆನ್ನಾಗಿ ಬರೆದಿದ್ದ ಚಿತ್ರ.

"ಸಾಯ್ತಾನಾ?" ಎಂದು ಕೇಳಿದರು ಮಾವ. ಆ ದನಿಯಲ್ಲಿ ಏನೋ ಇತ್ತು. ಹೆದರಿಕೆಯ ವಿಷಯದಲ್ಲಿ ಜೋಪಾನಯ್ಯನಿಗಿಂತ ದೊಡ್ಡ ಪಂಡಿತರಿಲ್ಲ, ಅವನಿಗೆ ತಟ್ಟನೆ ಗುರುತು ಸಿಕ್ಕಿತು.

"ಇಲ್ಲ ಮಾವ," ಎಂದ. "ಅವನೇ ಎಲ್ಲಾ ಬೀಗ ತೆಗೀತಾನೆ."

ಮಾವ ತಲೆಯಾಡಿಸಿದರು. "ಮುಂದಿನ ವಾರಾನೂ ಬರ್ತೀನಿ ಹಾಗಿದ್ರೆ" ಎಂದು ಹೇಳಿ, ಊರುಗೋಲನ್ನು ಊರದೆ ಕಂಕುಳಲ್ಲಿ ಇಟ್ಟುಕೊಂಡು ಹೊರಟರು.

ಅದು ಜೋಪಾನಯ್ಯ ಹೇಳಿದ ಮೊಟ್ಟಮೊದಲ ಸುಳ್ಳು. ಅದರ ಭಯ ಆ ಇಡೀ ದಿನ ಅವನ ಅನ್ನ ನೀರನ್ನು ಕಿತ್ತುಕೊಂಡಿತು. ಸೋಮವಾರ ನಿರ್ದೇಶಕ ಬಂದು ಸ್ಟುಡಿಯೋ ಬಾಗಿಲು ತೆರೆಯುವಾಗ ಅವನು ಆಗಲೇ ಮೆಟ್ಟಿಲ ಮೇಲೆ ಕೂತಿದ್ದ.

"ಸಾರ್, ಬೀಗಾಸುರನನ್ನ ಸಾಯಿಸಬೇಡಿ."

"ಪುಸ್ತಕದಲ್ಲಿ ಸಾಯ್ತಾನಲ್ರೀ. ಅಜ್ಜ ಒಂದಕ್ಷರ ಮುಟ್ಟೋಕೆ ಬಿಡಲ್ಲ ಅಂತ ಹೇಳಿದ್ದೀನಲ್ಲ."

"ಆ ಅಜ್ಜನ ಹತ್ತಿರ ಬೇಕಾದ್ರೆ ನಾನೇ ಹೋಗಿ ಮಾತಾಡ್ತೀನಿ," ಎಂದ ಜೋಪಾನಯ್ಯ, ಮೈಯೆಲ್ಲ ನಡುಗುತ್ತ. "ಸಾಯಿಸಬೇಡಿ ಸಾರ್. ನಮ್ಮ ಮಾವ ಕೇಳ್ತಿರ್ತಾರೆ."